‘ಡ್ರೈ × ವೆಟ್’ ಅಷ್ಟೇ ಸಾಲದು: ತುಮಕೂರಿನಲ್ಲಿ ಸಿಗುವ ಆಪೊಸಿಟ್ ವರ್ಡ್ಸ್ ಪುಸ್ತಿಕೆಯ ವಿಮರ್ಶೆ

ತುಮಕೂರಿನ ಎಂ.ಜಿ. ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಜೂನ್ ಬಂತೆಂದರೆ ನೋಟ್‌ಬುಕ್, ಬ್ರೌನ್ ಶೀಟ್, ಲೇಬಲ್‌ಗಳ ಜೊತೆ ಇನ್ನೊಂದು ಸರಕೂ ಕೌಂಟರ್ ಮೇಲೆ ಬಂದು ಕೂರುತ್ತದೆ. ಅದು ಅಂಗೈಯಗಲದ ‘ಆಪೊಸಿಟ್ ವರ್ಡ್ಸ್’ ಪುಸ್ತಿಕೆ. 64 ಪುಟ, ಬೆಲೆ 50 ರೂಪಾಯಿ, ಕೇಳಿದರೆ 45ಕ್ಕೆ ಕೊಡುತ್ತಾರೆ. ಎಡಗಡೆ ಇಂಗ್ಲಿಷ್ ಪದ, ಕನ್ನಡ ಅಕ್ಷರದಲ್ಲಿ ಅದರ ಉಚ್ಚಾರಣೆ, ಅರ್ಥ. ನಡುವೆ ಗುಣಾಕಾರದ ಗುರುತು. ಬಲಗಡೆ ವಿರುದ್ಧ ಪದ, ಅದರ ಉಚ್ಚಾರಣೆ, ಅರ್ಥ. ಹೀಗೆ ಸುಮಾರು 700 ಜೋಡಿ. ಇದೇ ಬಗೆಯ ಎರಡು ಮೂರು ಪುಸ್ತಿಕೆಗಳು ಬೇರೆ ಬೇರೆ ಹೊದಿಕೆಯಲ್ಲಿ ಬರುತ್ತವೆ, ಒಳಗಿನ ಹೂರಣ ಹೆಚ್ಚೂಕಮ್ಮಿ ಒಂದೇ. ಆದ್ದರಿಂದ ಒಬ್ಬ ಪ್ರಕಾಶಕರ ಹೆಸರು ಹಿಡಿದು ಮಾತಾಡುವ ಬದಲು, ಇಂಥ ಪುಸ್ತಿಕೆ ಕೊಳ್ಳಬಹುದೇ, ಕೊಂಡರೆ ಹೇಗೆ ಬಳಸಬೇಕು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಹೇಳಿದ್ದೇವೆ. ಕೊಳ್ಳುವವರು ಮುಖ್ಯವಾಗಿ ಎರಡು ಬಗೆ: ಮೂರರಿಂದ ಏಳನೇ ತರಗತಿ ಮಕ್ಕಳ ತಂದೆತಾಯಿ ಮತ್ತು ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿಯಂಥ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು.

ಮೊದಲು ಒಳ್ಳೆಯದು. ಅಕ್ಷರ ದೊಡ್ಡದು, ಸಾಲಿನ ನಡುವೆ ಉಸಿರಾಡಲು ಜಾಗ ಇದೆ, ಪದಗಳು ಅಕಾರಾದಿಯಾಗಿ ಬಂದಿರುವುದರಿಂದ ಹುಡುಕುವುದು ಸುಲಭ. ಕನ್ನಡ ಅರ್ಥಗಳು ಗ್ರಾಂಥಿಕವಲ್ಲ. ‘ಬ್ಲಂಟ್’ಗೆ ‘ಮೊಂಡು’ ಎಂದಿದೆ, ‘ಕುಂಠಿತ’ ಎಂದಿಲ್ಲ. ‘ರಾಫ್ಟರ್’, ‘ಲಾಫ್ಟರ್’ ತರಹದ ಪದಗಳನ್ನು ಅಕ್ಷರ ಅಕ್ಷರವಾಗಿ ಓದಿ ತಪ್ಪುವ ಮಗುವಿಗೆ ಕನ್ನಡದ ಉಚ್ಚಾರಣೆ ನಿಜವಾಗಿ ಆಸರೆ. ಕೆಟ್ಟದ್ದು ಕಾಗದ: ನ್ಯೂಸ್‌ಪ್ರಿಂಟ್, ಜೆಲ್ ಪೆನ್ ಹಿಡಿದರೆ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಬೈಂಡಿಂಗ್ ಅಂದರೆ ಎರಡೇ ಎರಡು ಪಿನ್ನು, ತಿಂಗಳೊಪ್ಪತ್ತಿನಲ್ಲಿ ನಡುವಿನ ಎಂಟು ಪುಟ ಕಳಚಿಕೊಂಡು ಕೈಗೆ ಬರುತ್ತವೆ. ಕೊಂಡ ದಿನವೇ ನಡುಮಡಿಕೆಯಲ್ಲಿ ಸೂಜಿದಾರದಿಂದ ಮೂರು ಹೊಲಿಗೆ ಹಾಕಿದರೆ ವರ್ಷ ಪೂರ್ತಿ ಬಾಳುತ್ತದೆ. ಸೆಲ್ಲೋಟೇಪ್ ಬೇಡ, ಈ ಕಾಗದದ ಮೇಲೆ ಅದು ಬೇಸಿಗೆಯಲ್ಲಿ ಹಳದಿ ತಿರುಗಿ ಎದ್ದುಬಿಡುತ್ತದೆ.

ಕಾಗದ, ಪಿನ್ನು ಸರಿಮಾಡಿಕೊಳ್ಳಬಹುದು. ಒಳಗಿನ ವಿಷಯವನ್ನು ತೂಗಿ ನೋಡಲು ಒಂದೇ ಪದ ಸಾಕು. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ‘ಡ್ರೈ’ ತೆಗೆದುಕೊಳ್ಳೋಣ. ಪುಸ್ತಿಕೆಯಲ್ಲಿ ಅದರ ಸಾಲು ಹೀಗಿದೆ: ಡ್ರೈ, ಒಣ × ವೆಟ್, ಒದ್ದೆ. ಅಷ್ಟೇ. ಹಗ್ಗದ ಮೇಲಿನ ಬಟ್ಟೆ, ಮಳೆ ನಿಂತ ರಸ್ತೆ, ಸ್ನಾನ ಮಾಡಿದ ತಲೆಗೂದಲು, ಈಗಷ್ಟೇ ಬಳಿದ ಪೇಂಟು, ಇವಕ್ಕೆಲ್ಲ ‘ವೆಟ್’ ಚೆನ್ನಾಗಿ ಹೊಂದುತ್ತದೆ. ಅಲ್ಲಿಂದ ಒಂದು ಹೆಜ್ಜೆ ಆಚೆಗಿಟ್ಟರೆ ಈ ಸಾಲು ಮಗುವನ್ನು ದಾರಿ ತಪ್ಪಿಸುತ್ತದೆ.

ಸಂಜೆ ಗೋಬಿ ಗಾಡಿಯ ಮುಂದೆ ನಿಂತವರಿಗೆ ಬರುವ ಪ್ರಶ್ನೆ ಒಂದೇ: “ಅಣ್ಣಾ, ಡ್ರೈ ಕೊಡ್ಲಾ, ಗ್ರೇವಿ ಕೊಡ್ಲಾ?” ಯಾರೂ ‘ವೆಟ್ ಗೋಬಿ’ ಕೇಳುವುದಿಲ್ಲ. ಗೋಬಿಯ ಪಕ್ಕದಲ್ಲಿ ನಿಂತಾಗ ‘ಡ್ರೈ’ಗೆ ವಿರುದ್ಧ ‘ಗ್ರೇವಿ’ ಎಂಬುದು ನಾಲ್ಕನೇ ತರಗತಿ ಮಗುವಿಗೆ ಯಾರೂ ಹೇಳಿಕೊಡದೆ ಬಂದಿರುತ್ತದೆ. ವಿರುದ್ಧ ಪದದ ಗುಟ್ಟು ಇಲ್ಲೇ ಇದೆ. ಇಂಥ ಪದಕ್ಕೆ ತನ್ನಷ್ಟಕ್ಕೆ ವಿರುದ್ಧ ಪದ ಇರುವುದಿಲ್ಲ. ಅದು ಯಾವ ವಸ್ತುವಿನ ಮೇಲೆ ಕೂತಿದೆಯೋ ಆ ವಸ್ತುವಿನ ಜೊತೆ ಸೇರಿದಾಗ ಹುಟ್ಟುತ್ತದೆ. ಪುಸ್ತಿಕೆ ಆ ವಸ್ತುವನ್ನೇ ಕಿತ್ತು ಹಾಕಿ ಬರೀ ಗುಣವಾಚಕವನ್ನು ಬಾಯಿಪಾಠಕ್ಕೆ ಕೊಡುತ್ತದೆ. ಮಗುವಿಗೆ ಗಾಡಿ ಹತ್ತಿರ ಗೊತ್ತಿದ್ದದ್ದು ಪುಸ್ತಕದ ಮುಂದೆ ಮರೆತುಹೋಗುತ್ತದೆ.

ತಿಪಟೂರಿನ ಕಡೆಯ ಮಕ್ಕಳಿಗೆ ಇನ್ನೂ ಒಳ್ಳೆಯ ಉದಾಹರಣೆ ಮನೆಯ ಅಟ್ಟದ ಮೇಲೆಯೇ ಇದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗೊಟಗೊಟ ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ, ಇಂಗ್ಲಿಷಿನಲ್ಲಿ ‘ಡ್ರೈ ಕೋಕೊನಟ್’. ಅದರ ವಿರುದ್ಧ ‘ವೆಟ್ ಕೋಕೊನಟ್’ ಅಲ್ಲ, ‘ಫ್ರೆಶ್ ಕೋಕೊನಟ್’, ನಮ್ಮ ಹಸಿ ಕಾಯಿ. ಮಳೆಯಲ್ಲಿ ನೆನೆದ ಕೊಬ್ಬರಿಯನ್ನು ಬೇಕಾದರೆ ‘ವೆಟ್’ ಎನ್ನಬಹುದು, ಆದರೆ ನೆನೆದ ಮಾತ್ರಕ್ಕೆ ಕೊಬ್ಬರಿ ಹಸಿ ಕಾಯಿ ಆಗುವುದಿಲ್ಲ, ಬೂಷ್ಟು ಹಿಡಿಯುತ್ತದೆ ಅಷ್ಟೇ. ಶುಂಠಿ, ಮೀನು, ದ್ರಾಕ್ಷಿ, ಬಟಾಣಿ, ಮೆಣಸಿನಕಾಯಿ ಎಲ್ಲಕ್ಕೂ ಇದೇ ಲೆಕ್ಕ. ತಿನ್ನುವ ವಸ್ತು ಒಣಗಿದ್ದರೆ ಎದುರಿಗೆ ‘ಫ್ರೆಶ್’ ಬರುತ್ತದೆ. ಇಂಥ ಕಡೆ ‘ಡ್ರೈ’ ಬದಲು ‘ಡ್ರೈಡ್’ ಎಂಬ ರೂಪವೂ ಬಳಕೆಯಲ್ಲಿದೆ: ಡ್ರೈಡ್ ಫಿಶ್, ಡ್ರೈಡ್ ಪೀಸ್. ‘ಡ್ರೈಡ್’ ಅಂದರೆ ಯಾರೋ ಒಣಗಿಸಿದ್ದು, ‘ಡ್ರೈ’ ಅಂದರೆ ಈಗ ಒಣಗಿರುವುದು. ಕೇಕು, ಬ್ರೆಡ್ಡಿಗೆ ಬಂದರೆ ಮತ್ತೆ ಬೇರೆ. ಒಣಕಲು ಕೇಕಿನ ವಿರುದ್ಧ ‘ಮಾಯ್ಸ್ಟ್’ ಕೇಕು. ಬೆಣ್ಣೆ ಸವರದ ‘ಡ್ರೈ ಟೋಸ್ಟ್’ಗೆ ವಿರುದ್ಧ ‘ಬಟರ್ಡ್ ಟೋಸ್ಟ್’.

ಜಮೀನಿನ ಮಾತು ಬಂದಾಗ ತಪ್ಪಿನ ಬೆಲೆ ಹೆಚ್ಚು. ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಬಗೆ ಕಾಣುತ್ತೇವೆ. ಕ್ರಯಪತ್ರ ಇಂಗ್ಲಿಷಿನಲ್ಲಿ ಬರೆಸಿದರೆ ಖುಷ್ಕಿ ‘ಡ್ರೈ ಲ್ಯಾಂಡ್’ ಆಗುತ್ತದೆ, ತರಿ ‘ವೆಟ್ ಲ್ಯಾಂಡ್’ ಆಗುತ್ತದೆ, ಬಾಗಾಯ್ತು ‘ಗಾರ್ಡನ್ ಲ್ಯಾಂಡ್’ ಆಗುತ್ತದೆ. ಇಲ್ಲಿ ‘ಡ್ರೈ × ವೆಟ್’ ಸರಿಯೇ, ಆದರೆ ಅರ್ಥ ಒಣ–ಒದ್ದೆ ಅಲ್ಲ. ಜೋರು ಮಳೆ ಹುಯ್ದು ಕೆಸರಾದ ಪಾವಗಡದ ಹೊಲವೂ ದಾಖಲೆಯಲ್ಲಿ ಡ್ರೈ ಲ್ಯಾಂಡೇ, ಏಕೆಂದರೆ ಅದು ಮಳೆಯಾಶ್ರಿತ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆ ಅಚ್ಚುಕಟ್ಟಿನ ಗದ್ದೆ ವೆಟ್ ಲ್ಯಾಂಡೇ, ಏಕೆಂದರೆ ಅದಕ್ಕೆ ಕೆರೆ ನೀರಿನ ಹಕ್ಕಿದೆ. ಇನ್ನೂ ಒಂದು ಸೂಕ್ಷ್ಮ ಇದೆ. ‘ವೆಟ್’ ಮತ್ತು ‘ಲ್ಯಾಂಡ್’ ನಡುವೆ ಜಾಗ ಬಿಟ್ಟು ಬರೆದರೆ ಕಂದಾಯದ ತರಿ ಜಮೀನು. ಜಾಗ ಬಿಡದೆ ಒಂದೇ ಪದವಾಗಿ ಬರೆದರೆ ಜೌಗು ಪ್ರದೇಶ, ಅಂದರೆ ಅಂಥ ಪ್ರದೇಶಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡ 1971ರ ರಾಮ್‌ಸರ್ ಒಪ್ಪಂದ ಹೇಳುವ ವೆಟ್‌ಲ್ಯಾಂಡ್. ಗದ್ದೆ ಮಾರುವ ಪತ್ರದಲ್ಲಿ ಆ ಒಂದು ಜಾಗ ತಪ್ಪಿದರೆ ಓದುವವರಿಗೆ ಕೆರೆಯಂಗಳದ ಚಿತ್ರ ಬರುತ್ತದೆ. ಪುಸ್ತಿಕೆಯಲ್ಲಿ ಈ ಜೋಡಿಯೇ ಇಲ್ಲ. ರೈತರ ಮನೆಗಳಲ್ಲಿ ಪಹಣಿ ನಕಲು ಇರುವ ಜಿಲ್ಲೆಯಲ್ಲಿ ಮಾರುವ ಪುಸ್ತಿಕೆಗೆ ಇದು ಸಣ್ಣ ಲೋಪವಲ್ಲ.

ಕೊಟ್ಟಿಗೆಯ ಹತ್ತಿರ ಹೋದರೆ ಇನ್ನೊಂದು ಅರ್ಥ ಸಿಗುತ್ತದೆ. ‘ಡ್ರೈ ಕೌ’ ಅಂದರೆ ಹಾಲು ಬತ್ತಿಸಿದ ಹಸು. ಗಬ್ಬದ ಹಸು ಈಯುವುದಕ್ಕೆ ಸುಮಾರು 60 ದಿನ ಮುಂಚೆ ಕರೆಯುವುದನ್ನು ನಿಲ್ಲಿಸಿ ಕೆಚ್ಚಲಿಗೆ ವಿಶ್ರಾಂತಿ ಕೊಡುತ್ತಾರೆ, ಹೊಟ್ಟೆಯೊಳಗಿನ ಕರುವಿಗೂ ಮುಂದಿನ ಸೂಲಿನ ಹಾಲಿಗೂ ಅದು ಬೇಕು. ಇದರ ವಿರುದ್ಧ ‘ಮಿಲ್ಕಿಂಗ್ ಕೌ’ ಅಥವಾ ‘ಕೌ ಇನ್ ಮಿಲ್ಕ್’, ಕರೆಯುವ ಹಸು. ‘ಡ್ರೈ ಕೌ’ ಎಂಬುದಕ್ಕೆ ‘ಗೊಡ್ಡು ಹಸು’ ಎಂದು ಕನ್ನಡ ಮಾಡುವವರಿದ್ದಾರೆ. ಅದು ದೊಡ್ಡ ತಪ್ಪು. ಗೊಡ್ಡು ಅಂದರೆ ಗಬ್ಬವೇ ಕಟ್ಟದ್ದು, ಇಂಗ್ಲಿಷಿನ ‘ಬ್ಯಾರನ್’. ಬತ್ತಿಸಿದ ಹಸು ಇನ್ನೆರಡು ತಿಂಗಳಿಗೆ ಈದು ಮನೆ ತುಂಬ ಹಾಲು ಕೊಡುವಂಥದ್ದು. ಇನ್ಶೂರೆನ್ಸ್ ಕಾಗದದಲ್ಲಿ ಒಂದರ ಬದಲು ಇನ್ನೊಂದು ಬರೆದರೆ ಹಸುವಿನ ಬೆಲೆಯೇ ಬದಲಾಗುತ್ತದೆ. ಹಾಲು ಕೊಡುವುದಕ್ಕೆ ‘ವೆಟ್’ ಎನ್ನುವ ರೂಢಿ ಇಂಗ್ಲಿಷಿನಲ್ಲಿ ಇಲ್ಲದೇ ಇಲ್ಲ. ಹೆರವರ ಕೂಸಿಗೆ ಎದೆಹಾಲು ಕೊಡುವ ದಾದಿ ‘ವೆಟ್ ನರ್ಸ್’, ಹಾಲೂಡದೆ ಬರೀ ನೋಡಿಕೊಳ್ಳುವವಳು ‘ಡ್ರೈ ನರ್ಸ್’. ಆದರೆ ಹೈನುಗಾರಿಕೆಯಲ್ಲಿ ‘ಮಿಲ್ಕಿಂಗ್’ ಎನ್ನುವುದೇ ಬಳಕೆ.

ಕಸದ ಗಾಡಿ ತಂದ ಜೋಡಿ ಎಲ್ಲರಿಗೂ ಗೊತ್ತು: ಡ್ರೈ ವೇಸ್ಟ್ × ವೆಟ್ ವೇಸ್ಟ್, ಒಣ ಕಸ × ಹಸಿ ಕಸ. ಇಲ್ಲಿ ನೀರಿನ ಪ್ರಶ್ನೆಯೇ ಇಲ್ಲ, ಕೊಳೆಯುವುದೋ ಕೊಳೆಯದ್ದೋ ಎಂಬುದು ಪ್ರಶ್ನೆ. ಮೂರು ದಿನ ಒಣಗಿ ಹಪ್ಪಳದಂತಾದ ಚಪಾತಿ ಹಸಿ ಕಸ. ತೊಳೆದು ನೀರು ತೊಟ್ಟಿಕ್ಕುತ್ತಿರುವ ಹಾಲಿನ ಕವರು ಒಣ ಕಸ. ‘ಒದ್ದೆ’ ಎಂದು ಕಲಿತ ಮಗು ಎರಡನ್ನೂ ತಪ್ಪು ಬುಟ್ಟಿಗೆ ಹಾಕುತ್ತದೆ. ಮನೆಯಲ್ಲಿ ದೊಡ್ಡವರೂ ಹಾಕುತ್ತಾರೆ, ಕಾರಣ ಇದೇ ಪದ.

ಉಳಿದವು ಬೇಗ ಬೇಗ. ಡ್ರೈ ಸ್ಕಿನ್ × ಆಯ್ಲಿ ಸ್ಕಿನ್. ಕ್ರೀಮಿನ ಡಬ್ಬಿ ಓದುವವರಿಗೆಲ್ಲ ಗೊತ್ತು. ಡ್ರೈ ಕಾಫ್ ಅಂದರೆ ಒಣಕೆಮ್ಮು, ಎದುರಿಗೆ ಕಫದ ಕೆಮ್ಮು. ವೈದ್ಯರು ‘ಪ್ರೊಡಕ್ಟಿವ್ ಕಾಫ್’ ಎನ್ನುತ್ತಾರೆ, ಸಿರಪ್ ಸೀಸೆಯ ಮೇಲೆ ‘ವೆಟ್ ಕಾಫ್’ ಎಂದೂ ಇರುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆ ಆದ್ದರಿಂದ ಈ ಜೋಡಿ ಮನೆಯವರಿಗೆಲ್ಲ ಗೊತ್ತಿರಲಿ. ಡ್ರೈ ವೈನ್ × ಸ್ವೀಟ್ ವೈನ್. ಇಲ್ಲಿ ‘ಡ್ರೈ’ ಅಂದರೆ ಸಿಹಿಯಿಲ್ಲದ್ದು, ಪರೀಕ್ಷೆಗೆ ಕೂರುವವರು ನೆನಪಿಡಬೇಕು. ಡ್ರೈ ಸೆಲ್ × ವೆಟ್ ಸೆಲ್. ಟಾರ್ಚಿನ ಸೆಲ್ಲು ಮತ್ತು ಆಸಿಡ್ ತುಂಬಿದ ವಾಹನದ ಬ್ಯಾಟರಿ. ಹವೆಗೆ ಡ್ರೈ × ಹ್ಯೂಮಿಡ್. ಬೇಸರ ತರಿಸುವ ‘ಡ್ರೈ ಲೆಕ್ಚರ್’ಗೆ ಎದುರು ‘ಇಂಟರೆಸ್ಟಿಂಗ್’ ಅಥವಾ ‘ಲೈವ್ಲಿ’. ಡ್ರೈ ಕ್ಲೀನಿಂಗ್ ಎಂಬಲ್ಲಿ ಬಟ್ಟೆ ಒಣಗಿಯೇ ಇರುತ್ತದೆ ಎಂದುಕೊಳ್ಳಬೇಡಿ. ದ್ರಾವಕದಲ್ಲಿ ಅದನ್ನು ನೆನೆಸಿಯೇ ತೊಳೆಯುತ್ತಾರೆ, ನೀರು ಮಾತ್ರ ಇರುವುದಿಲ್ಲ. ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ನೀರಾಗದೆ ನೇರ ಆವಿಯಾಗುವ ಘನ ಇಂಗಾಲದ ಡೈಆಕ್ಸೈಡ್ ‘ಡ್ರೈ ಐಸ್’. ಮೀನು, ಲಸಿಕೆ ಸಾಗಿಸುವವರು ಮಾಮೂಲಿ ಮಂಜುಗಡ್ಡೆಯನ್ನು ಅದರಿಂದ ಬೇರೆ ಮಾಡಲು ‘ವೆಟ್ ಐಸ್’ ಎನ್ನುತ್ತಾರೆ.

ವಿರುದ್ಧ ಪದವೇ ಇಲ್ಲದ ಕಡೆಯೂ ಇದೆ, ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ. ಅಕ್ಟೋಬರ್ 2ರಂದು ಮದ್ಯದಂಗಡಿ ಮುಚ್ಚಿದರೆ ಅದು ‘ಡ್ರೈ ಡೇ’. ಮಾರನೆಯ ದಿನ ‘ವೆಟ್ ಡೇ’ ಆಗುವುದಿಲ್ಲ. ‘ವೆಟ್ ಡೇ’ ಅಂದರೆ ಮಳೆ ಸುರಿದ ದಿನ. 1960ರಿಂದ ಪಾನನಿಷೇಧ ಇರುವ ಗುಜರಾತ್ ‘ಡ್ರೈ ಸ್ಟೇಟ್’, ಆದರೆ ಕರ್ನಾಟಕವನ್ನು ಯಾರೂ ‘ವೆಟ್ ಸ್ಟೇಟ್’ ಎಂದು ಕರೆಯುವ ರೂಢಿ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಮಾತ್ರ ಮದ್ಯ ಮಾರುವ, ಮಾರದ ಕೌಂಟಿಗಳಿಗೆ, ಅಂದರೆ ಅಲ್ಲಿನ ಜಿಲ್ಲೆಗಳಿಗೆ, ಎರಡು ಪದಗಳೂ ಬಳಕೆಯಲ್ಲಿವೆ. ಮುಖ ಬದಲಿಸದೆ ನಗಿಸುವ ‘ಡ್ರೈ ಹ್ಯೂಮರ್’ಗೂ ಒಂದು ಪದದ ವಿರುದ್ಧ ಇಲ್ಲ. ಇಲ್ಲ ಎಂಬುದೂ ಒಂದು ಉತ್ತರವೇ. ಪುಸ್ತಿಕೆ ಎಲ್ಲೂ ಆ ಧೈರ್ಯ ಮಾಡಿಲ್ಲ, ಖಾಲಿ ಬಿಡಬೇಕಾದ ಕಡೆ ಏನಾದರೂ ತುಂಬಿದೆ. ‘ಟೇಬಲ್ × ಚೇರ್’, ‘ಡಾಗ್ × ಕ್ಯಾಟ್’ ಎಂದು ಅಚ್ಚು ಹಾಕಿರುವುದು ಹೀಗೆಯೇ. ಅವು ಜೊತೆಗಿರುವ ವಸ್ತುಗಳು, ವಿರುದ್ಧವಲ್ಲ. ‘ಕಿಂಗ್ × ಕ್ವೀನ್’ ಲಿಂಗ ಬದಲಿಸುವ ಪ್ರಶ್ನೆಗೆ ಸೇರಿದ್ದು, ಅದನ್ನೂ ಇಲ್ಲೇ ತಂದು ಬೆರೆಸಿದ್ದಾರೆ.

ಇನ್ನು ತೀವ್ರತೆಯ ವಿಷಯ. ಪರೀಕ್ಷೆಗೆ ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ. ಒಣಗಿರುವುದರಲ್ಲೂ ನೆನೆದಿರುವುದರಲ್ಲೂ ಮೆಟ್ಟಿಲುಗಳಿವೆ. ಒಂದು ತುದಿಯಲ್ಲಿ ‘ಪಾರ್ಚ್ಡ್’, ಬಿರಿದು ಬಾಯಾರಿದ್ದು, ಆಮೇಲೆ ‘ಡ್ರೈ’, ಆಮೇಲೆ ‘ಡ್ಯಾಂಪ್’, ಒಣಗಿಯೂ ಒಣಗದ ಬಟ್ಟೆಯ ಹಾಗೆ ತೇವ, ‘ವೆಟ್’, ಒದ್ದೆ, ಕೊನೆಗೆ ‘ಸೋಕ್ಡ್’, ‘ಡ್ರೆಂಚ್ಡ್’, ತೊಪ್ಪೆಯಾದದ್ದು. ‘ಡ್ರೈ’ ಕೊಟ್ಟು ಆಯ್ಕೆಯಲ್ಲಿ ಡ್ಯಾಂಪ್, ವೆಟ್, ಸೋಕ್ಡ್ ಮೂರೂ ಇದ್ದರೆ ಮೆಟ್ಟಿಲು ಎಣಿಸಿ ಅಷ್ಟೇ ದೂರದ್ದನ್ನು ಹಿಡಿಯಬೇಕು, ಅದು ‘ವೆಟ್’. ‘ಪಾರ್ಚ್ಡ್’ ಕೊಟ್ಟರೆ ‘ಡ್ರೆಂಚ್ಡ್’. ಬಿಸಿಗೂ ಇದೇ: ಹಾಟ್ × ಕೋಲ್ಡ್, ವಾರ್ಮ್ × ಕೂಲ್, ಬಾಯ್ಲಿಂಗ್ × ಫ್ರೀಜಿಂಗ್. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಜಾರ್ಜ್ ಮಿಲ್ಲರ್ ಮುಂದಾಳತ್ವದಲ್ಲಿ ಶುರುವಾದ ವರ್ಡ್‌ನೆಟ್ ಎಂಬ ಉಚಿತ ಪದಕೋಶ ಈ ಜೋಡಣೆಯನ್ನು ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ ‘ಡ್ರೈ’ ಮತ್ತು ‘ವೆಟ್’ ಎದುರುಬದುರಾಗಿ ನಿಂತ ಎರಡು ಕಂಬ, ಸಮೀಪಾರ್ಥದ ಪದಗಳೆಲ್ಲ ತಂತಮ್ಮ ಕಂಬದ ಸುತ್ತ ಕಟ್ಟಿದ ಬಳ್ಳಿ. ‘ಪಾರ್ಚ್ಡ್’ಗೆ ‘ವೆಟ್’ ವಿರುದ್ಧವಾಗುವುದು ‘ಡ್ರೈ’ ಮೂಲಕವೇ ಹೊರತು ನೇರವಾಗಿ ಅಲ್ಲ.

ಪದದ ರೂಪವೂ ಹೊಂದಬೇಕು. ‘ಡ್ರೈಯರ್’ ಅಂದರೆ ಇನ್ನೂ ಹೆಚ್ಚು ಒಣಗಿದ್ದು, ಅದರ ಎದುರು ‘ವೆಟ್ಟರ್’, ‘ವೆಟ್’ ಅಲ್ಲ. ಬರೆಯುವಾಗ ‘ವೆಟ್ಟರ್’ನಲ್ಲಿ ‘ಟಿ’ ಎರಡು ಸಲ ಬರುತ್ತದೆ. ‘ಡ್ರೈಯರ್’ ತರತಮದ ಅರ್ಥದಲ್ಲಿ ಸಾಮಾನ್ಯವಾಗಿ ‘ಐ’ ಅಕ್ಷರದಿಂದ, ಕೂದಲು ಒಣಗಿಸುವ ಯಂತ್ರವಾದರೆ ‘ವೈ’ ಅಕ್ಷರದಿಂದ. ‘ಡ್ರೌಟ್’, ಅಂದರೆ ಬರ, ಇದಕ್ಕೆ ಪುಸ್ತಿಕೆ ‘ಫ್ಲಡ್’ ಕೊಟ್ಟಿದೆ, ಸರಿ. ಆದರೆ ಕನ್ನಡದ ಕಣ್ಣಿಂದ ನೋಡಿದರೆ ಇಲ್ಲಿ ಎರಡು ಜೋಡಿ ಕಾಣುತ್ತವೆ. ಅನಾವೃಷ್ಟಿಗೆ ಅತಿವೃಷ್ಟಿ ಎದುರು, ಎರಡೂ ಕೇಡು. ಬರಗಾಲಕ್ಕೆ ಸುಭಿಕ್ಷ ಎದುರು, ಒಂದು ಕೇಡು ಒಂದು ಒಳಿತು. ‘ಫ್ಲಡ್’ ಮೊದಲನೆಯದಕ್ಕೆ ಸಲ್ಲುತ್ತದೆ, ಎರಡನೆಯದಕ್ಕೆ ‘ಪ್ಲೆಂಟಿ’ ಬೇಕು.

ಅಂದಹಾಗೆ ಕನ್ನಡದ ಕಡೆಯಿಂದ ಬರುವ ಎಡವಟ್ಟೂ ಕಡಿಮೆಯದಲ್ಲ. ‘ಡ್ರೈ’ಗೆ ‘ಒಣ’ ಎಂದು ಕಲಿತ ಮಗು ಒಣಜಂಭಕ್ಕೆ ‘ಡ್ರೈ ಪ್ರೈಡ್’ ಎಂದು ಬರೆಯುತ್ತದೆ. ಒಣಜಂಭ, ಒಣಮಾತು, ಒಣ ಉಪಚಾರ, ಒಣ ವೇದಾಂತ ಇಲ್ಲೆಲ್ಲ ‘ಒಣ’ ಎಂದರೆ ಒಳಗೇನೂ ಇಲ್ಲದ್ದು. ಇಂಗ್ಲಿಷಿನಲ್ಲಿ ‘ಎಂಪ್ಟಿ’ ಹತ್ತಿರ ಬರುತ್ತದೆ. ‘ಹಸಿ’ಯಂತೂ ಇನ್ನೂ ಶ್ರೀಮಂತ ಪದ. ಹಸಿ ಸೌದೆಗೆ ಎದುರು ಒಣ ಸೌದೆ, ಹಸಿ ತರಕಾರಿಗೆ ಎದುರು ಬೆಂದ ತರಕಾರಿ, ಹಸಿ ಗಾಯಕ್ಕೆ ಎದುರು ಮಾಯ್ದ ಗಾಯ. ಹಸಿ ಬಾಣಂತಿ, ಹಸಿಗೂಸು, ಇವಕ್ಕೆ ಎದುರು ಪದವಿಲ್ಲ. ಹಸಿ ಸುಳ್ಳು ಉಂಟು, ಒಣ ಸುಳ್ಳು ಇಲ್ಲ. ಬತ್ತಿದ ಬಾವಿಗೆ ಎದುರು ತುಂಬಿದ ಬಾವಿ; ಅಲ್ಲಿ ಒಣವೂ ಇಲ್ಲ, ಒದ್ದೆಯೂ ಇಲ್ಲ. ಮಗುವಿಗೆ ಇಂಗ್ಲಿಷಿಗಿಂತ ಮುಂಚೆ ಇದನ್ನು ಬಾಯಿಮಾತಿನಲ್ಲಿ ಕೇಳಿ ನೋಡಿ, ತಟ್ಟನೆ ಹೇಳುತ್ತದೆ. ಅಲ್ಲಿಂದ ಇಂಗ್ಲಿಷಿಗೆ ದಾಟಿಸುವುದು ಹಗುರ.

ಪುಸ್ತಿಕೆಯ ಕೊನೆಯ ಎಂಟು ಪುಟ ‘ಅನ್’, ‘ಇನ್’, ‘ಡಿಸ್’ ಮುಂತಾದವನ್ನು ಪದದ ಮುಂದೆ ಹಚ್ಚಿ ವಿರುದ್ಧಾರ್ಥ ಮಾಡುವ ಭಾಗ. ಇಲ್ಲಿ ಪಟ್ಟಿ ಇದೆ, ನಿಯಮ ಇಲ್ಲ. ನಿಯಮ ಕಷ್ಟದ್ದಲ್ಲ. ಬದಲಾಗುವುದು ‘ಇನ್’ ಒಂದೇ. ‘ಎಲ್’ ಅಕ್ಷರದ ಮುಂದೆ ಅದು ‘ಇಲ್’ ಆಗುತ್ತದೆ: ಲೀಗಲ್, ಇಲ್ಲೀಗಲ್. ‘ಆರ್’ ಮುಂದೆ ‘ಇರ್’: ರೆಗ್ಯುಲರ್, ಇರ್ರೆಗ್ಯುಲರ್. ‘ಪಿ’, ‘ಬಿ’, ‘ಎಂ’ ಮುಂದೆ ‘ಇಮ್’: ಪಾಸಿಬಲ್, ಇಂಪಾಸಿಬಲ್. ‘ಅನ್’ ಮಾತ್ರ ಯಾವ ಅಕ್ಷರ ಬಂದರೂ ಜಗ್ಗುವುದಿಲ್ಲ: ಅನ್‌ಲಕ್ಕಿ, ಅನ್‌ರಿಲಯಬಲ್, ಅನ್‌ಪ್ಲೆಸೆಂಟ್. ಆದ್ದರಿಂದ ‘ಎಲ್’ ಕಂಡ ಕೂಡಲೇ ‘ಇಲ್’ ಹಚ್ಚುವುದು ತಪ್ಪು. ಆ ಪದ ‘ಇನ್’ ಬಳಗದ್ದೋ ‘ಅನ್’ ಬಳಗದ್ದೋ ಎಂದು ಮೊದಲು ಗೊತ್ತಿರಬೇಕು.

ಇದೇ ಭಾಗದಲ್ಲಿ ಪುಸ್ತಿಕೆಯ ಅತಿ ಕೆಟ್ಟ ತಪ್ಪು ಇದೆ: ‘ವ್ಯಾಲ್ಯುಯಬಲ್ × ಇನ್‌ವ್ಯಾಲ್ಯುಯಬಲ್’. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದಷ್ಟು ದೊಡ್ಡದು. ಕನ್ನಡದ ‘ಅಮೂಲ್ಯ’ ಕೂಡ ಇದೇ ಜಾಡಿನದು. ‘ಅ’ ಹಚ್ಚಿದೆ ಎಂದು ಅಮೂಲ್ಯವನ್ನು ಕಸ ಎಂದು ಯಾರಾದರೂ ಓದುತ್ತಾರೆಯೇ? ವ್ಯಾಲ್ಯುಯಬಲ್‌ಗೆ ಸರಿಯಾದ ಎದುರು ‘ವರ್ತ್‌ಲೆಸ್’. ಅದರ ಕೆಳಗೇ ‘ಫ್ಲ್ಯಾಮಬಲ್ × ಇನ್‌ಫ್ಲ್ಯಾಮಬಲ್’ ಎಂದಿದೆ. ಇದು ಅಂಕದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಎರಡರ ಅರ್ಥವೂ ಒಂದೇ, ಬೇಗ ಹೊತ್ತಿಕೊಳ್ಳುವಂಥದ್ದು. ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ ಬರೆದಿರುವುದು ಎರಡನೆಯದನ್ನೇ. ಅದನ್ನು ‘ಹೊತ್ತಿಕೊಳ್ಳದು’ ಎಂದು ಕಲಿತ ಮಗು ನಾಳೆ ಥಿನ್ನರ್ ಡಬ್ಬಿಯನ್ನು ಒಲೆ ಪಕ್ಕ ಇಟ್ಟೀತು. ವಿರುದ್ಧ ಪದ ‘ನಾನ್‌ಫ್ಲ್ಯಾಮಬಲ್’. ಈ ಎರಡು ಸಾಲನ್ನು ಪುಸ್ತಿಕೆ ಮನೆಗೆ ಬಂದ ದಿನವೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ. ‘ಟೈಟ್’ ಎದುರಿನ ‘ಲೂಸ್’ನಲ್ಲಿ ಒಂದು ‘ಓ’ ಬಿಟ್ಟುಹೋಗಿದೆ, ಹಾಗಾಗಿ ಅದು ಕಳೆದುಕೊಳ್ಳುವ ‘ಲೂಸ್’ ಆಗಿದೆ. ಅದನ್ನೂ ತಿದ್ದಿ.

ಅದೇ ಅಂಗಡಿಯಲ್ಲಿ ಬೇರೇನು ಸಿಗುತ್ತದೆ? ಗೋಡೆಗೆ ಅಂಟಿಸುವ ಚಿತ್ರದ ಚಾರ್ಟ್ ಇದೆ. ಎಲ್‌ಕೆಜಿಯಿಂದ ಎರಡನೇ ತರಗತಿವರೆಗೆ ಪುಸ್ತಿಕೆಗಿಂತ ಅದೇ ಮೇಲು, ಏಕೆಂದರೆ ಚಿತ್ರದಲ್ಲಿ ವಸ್ತು ತಾನೇ ಬಂದುಬಿಡುತ್ತದೆ: ತೊಟ್ಟಿಕ್ಕುವ ಅಂಗಿ, ಒಣಗಿದ ಅಂಗಿ. ಎಂಟನೇ ತರಗತಿಯಿಂದ ಮೇಲಿನವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಲರ್ನರ್ಸ್ ಡಿಕ್ಷನರಿ ಸರಿ. ಅದರಲ್ಲಿ ಹಲವು ಕಡೆ ಪದದ ಒಂದೊಂದು ಅರ್ಥದ ಒಳಗೇ ಆ ಅರ್ಥದ ವಿರುದ್ಧ ಪದ ಕೊಟ್ಟಿರುತ್ತಾರೆ, ವಾಕ್ಯವನ್ನೂ ಕೊಟ್ಟಿರುತ್ತಾರೆ. ಹೊಸದರ ಬೆಲೆ ಹೆಚ್ಚು ಅನಿಸಿದರೆ ಹಳೆಯ ಪ್ರತಿ ಕೊಂಡರೂ ನಷ್ಟವಿಲ್ಲ, ‘ಡ್ರೈ’ ಅರ್ಥ ವರ್ಷ ವರ್ಷ ಬದಲಾಗುವುದಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ವೆಟ್, ಸ್ವೀಟ್, ಡ್ಯಾಂಪ್, ಇಂಟರೆಸ್ಟಿಂಗ್ ಎಲ್ಲ ಒಂದೇ ರಾಶಿಯಲ್ಲಿ ಬಂದು ಬೀಳುವುದುಂಟು, ಯಾವುದು ಯಾವುದಕ್ಕೆ ಎಂದು ಮಗುವಿಗೆ ತಿಳಿಯುವುದಿಲ್ಲ. ಮೆರಿಯಮ್-ವೆಬ್‌ಸ್ಟರ್‌ನ ಥಿಸಾರಸ್, ಅಂದರೆ ಸಮಾನಾರ್ಥ–ವಿರುದ್ಧಾರ್ಥ ಪದಗಳ ಕೋಶ, ಅರ್ಥವಾರು ಬೇರೆ ಮಾಡಿ ತೋರಿಸುತ್ತದೆ. ದೊಡ್ಡವರು ಪಕ್ಕದಲ್ಲಿ ಕೂತು ನೋಡುವುದಾದರೆ ಅದು ಒಳ್ಳೆಯದು.

ಪುಸ್ತಿಕೆಯನ್ನೇ ಕೊಂಡರೆ ಹೀಗೆ ದುರಸ್ತಿ ಮಾಡಿಕೊಳ್ಳಿ. ನೋಟ್‌ಬುಕ್ ಹಾಳೆಯನ್ನು ಉದ್ದಕ್ಕೆ ಮೂರು ಪಟ್ಟಿ ಕತ್ತರಿಸಿ. ಒಂದು ಪಟ್ಟಿಗೆ ಒಂದೇ ಪದ. ಪಟ್ಟಿಯಲ್ಲಿ ಮೊದಲು ವಸ್ತುವಿನ ಹೆಸರು ಬರೆಯಿರಿ, ಆಮೇಲೆ ಅದಕ್ಕೆ ಹೊಂದುವ ವಿರುದ್ಧ ಪದ, ಕೊನೆಗೆ ಕನ್ನಡ. ಕ್ಲಾತ್ – ವೆಟ್ – ಒದ್ದೆ. ಕೋಕೊನಟ್ – ಫ್ರೆಶ್ – ಹಸಿ. ಕೌ – ಮಿಲ್ಕಿಂಗ್ – ಕರೆಯುವ. ಗೋಬಿ – ಗ್ರೇವಿ. ವಸ್ತುವಿನ ಹೆಸರು ಮೊದಲು ಬರಬೇಕು ಎಂಬುದನ್ನು ಬಿಡಬೇಡಿ; ಮಗು ಅದನ್ನು ನೋಡಿ ಉಳಿದದ್ದನ್ನು ನೆನಪಿಸಿಕೊಳ್ಳಬೇಕು. ಪಟ್ಟಿಯ ಒಂದು ಅಂಚಿಗೆ ಮಾತ್ರ ಗೋಂದು ಹಚ್ಚಿ ಆ ಪುಟಕ್ಕೆ ಅಂಟಿಸಿ, ಮಡಚಿ ಇಡಬಹುದು. ಪೆನ್ಸಿಲ್ ಅಥವಾ ಬಾಲ್ ಪೆನ್ ಬಳಸಿ. ದಿನಕ್ಕೆ ಒಂದು ಪದ ಸಾಕು. ಒಂದೇ ದಿನ ಹತ್ತು ಮಾಡಿದರೆ ಮತ್ತೆ ಎಲ್ಲ ಕಲಸಿಹೋಗುತ್ತದೆ.

ಎಲ್ಲ 700ಕ್ಕೂ ಪಟ್ಟಿ ಬೇಡ. ಬಹುಪಾಲು ಜೋಡಿಗಳು, ಅಲೈವ್ × ಡೆಡ್, ಬೈ × ಸೆಲ್, ಅಪ್ × ಡೌನ್, ಎಲ್ಲಿ ಕೂರಿಸಿದರೂ ಹೆಚ್ಚು ಬದಲಾಗುವುದಿಲ್ಲ. ಪಟ್ಟಿ ಬೇಕಾದವು ಹತ್ತಿಪ್ಪತ್ತು ಚಿಕ್ಕ, ಹಳೆಯ, ದಿನಬಳಕೆಯ ಪದಗಳು. ಲೈಟ್: ಬಣ್ಣವಾದರೆ ಡಾರ್ಕ್, ಮೂಟೆಯಾದರೆ ಹೆವಿ, ಟೀ ಆದರೆ ಸ್ಟ್ರಾಂಗ್. ಓಲ್ಡ್: ಮನೆಗೆ ನ್ಯೂ, ಮನುಷ್ಯರಿಗೆ ಯಂಗ್. ಶಾರ್ಟ್: ಹಗ್ಗಕ್ಕೆ ಲಾಂಗ್, ಹುಡುಗನಿಗೆ ಟಾಲ್. ರೈಟ್: ಉತ್ತರಕ್ಕೆ ರಾಂಗ್, ಕೈಗೆ ಲೆಫ್ಟ್. ರಫ್: ಮೇಜಿಗೆ ಸ್ಮೂತ್, ಲೆಕ್ಕದ ಕಾಪಿಗೆ ಫೇರ್. ಫ್ರೆಶ್: ಬ್ರೆಡ್ಡಿಗೆ ಸ್ಟೇಲ್, ನೀರಿಗೆ ಸಾಲ್ಟ್. ಹಾರ್ಡ್: ಕಲ್ಲಿಗೂ ಬೋರ್‌ವೆಲ್ ನೀರಿಗೂ ಸಾಫ್ಟ್, ಪ್ರಶ್ನೆಗೆ ಈಸಿ. ಬೋರ್‌ವೆಲ್ ನೀರು ಗಟ್ಟಿ ಹೇಗೆ ಎಂದು ಮಗು ಕೇಳಿದರೆ ಸೋಪು ಹಚ್ಚಿ ತೋರಿಸಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣ ಹೆಚ್ಚಿದ್ದರೆ ನೊರೆ ಏಳುವುದಿಲ್ಲ.

ಮೂರರಿಂದ ಏಳನೇ ತರಗತಿಗೆ, ದೊಡ್ಡವರು ಜೊತೆ ಕೂರುವುದಾದರೆ, ಐದಕ್ಕೆ ಮೂರು ಅಂಕ ಕೊಡಬಹುದಾದ ಪುಸ್ತಿಕೆ. ಮಗುವಿನ ಕೈಗೆ ಕೊಟ್ಟು ಬಾಯಿಪಾಠ ಮಾಡಿಸುವುದಕ್ಕಾದರೆ ಒಂದೂವರೆ. ಪರೀಕ್ಷೆಗೆ ಕೂರುವವರು ಇದನ್ನು ಬಿಟ್ಟು ಡಿಕ್ಷನರಿಗೆ ಹೋಗುವುದು ಲೇಸು. ದುಡ್ಡು ಕೊಡುವ ಮುಂಚೆ ಕೌಂಟರ್ ಮುಂದೆಯೇ ನಾಲ್ಕು ಪದ ತೆಗೆದು ನೋಡಿ. ‘ಓಲ್ಡ್’ಗೆ ಎರಡು ಉತ್ತರ ಇದೆಯೇ, ‘ಲೈಟ್’ಗೆ ಎರಡು ಇದೆಯೇ, ‘ವ್ಯಾಲ್ಯುಯಬಲ್’ ಎದುರು ಏನಿದೆ, ‘ಇನ್‌ಫ್ಲ್ಯಾಮಬಲ್’ಗೆ ಕನ್ನಡ ಅರ್ಥ ಏನು ಕೊಟ್ಟಿದ್ದಾರೆ. ಕೊನೆಯ ಎರಡು ತಪ್ಪಿದ್ದರೆ ಅದನ್ನು ಅಲ್ಲೇ ಇಟ್ಟು, ಪಕ್ಕದ ಹೊದಿಕೆಯದನ್ನು ತೆರೆದು ಇದೇ ನಾಲ್ಕು ಪದ ನೋಡಿ.